ಕಿವಿ ಹುಡುಕಿ: ಬ್ಲೂ ನೋಟ್ ಜಾಝ್ ಎಲ್‌ಪಿಯ ಒರಿಜಿನಲ್ ಪ್ರೆಸಿಂಗ್ ಗುರುತಿಸುವ ಬಗೆ

ಕೆಲವು ವರ್ಷಗಳ ಹಿಂದೆ ಬ್ಲೂ ನೋಟ್ ಎಂಬ ಅಮೆರಿಕದ ಜಾಝ್ ಕಂಪನಿಯ ಒಂದು ಎಲ್‌ಪಿ ರೆಕಾರ್ಡ್ ಕೊಂಡೆ. ಬಿಳಿ-ನೀಲಿ ಲೇಬಲ್. ಲೇಬಲ್‌ನ ಅಂಚಿನಲ್ಲಿ ‘ನ್ಯೂಯಾರ್ಕ್ ಯುಎಸ್‌ಎ’ ಎಂದಿತ್ತು. ಸಂಗೀತ ಮುಗಿದ ಮೇಲಿನ ಖಾಲಿ ಜಾಗದಲ್ಲಿ ‘ವ್ಯಾನ್ ಗೆಲ್ಡರ್’ ಎಂಬ ಎಂಜಿನಿಯರ್ ಹೆಸರಿನ ಮುದ್ರೆಯೂ ಇತ್ತು. ಅಂಗಡಿಯವರು ಇದು ಒರಿಜಿನಲ್, ಮೊದಲ ಪ್ರೆಸಿಂಗ್, ಅಂದರೆ ಆಲ್ಬಂ ಮೊದಲ ಬಾರಿ ಬಂದಾಗಲೇ ಒತ್ತಿದ ತಟ್ಟೆ ಎಂದರು. ನಾನು ಓದಿಕೊಂಡಿದ್ದ ಎರಡು ಗುರುತೂ ಸರಿ ಇದ್ದವು. ದುಡ್ಡು ಕೊಟ್ಟು ಮನೆಗೆ ತಂದೆ. ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿದೆ. ಸಂಗ್ರಹಕಾರರು ಕಿವಿ ಎಂದು ಕರೆಯುವ ಪುಟ್ಟ ಗುರುತು ಇರಲಿಲ್ಲ. ಇನ್ನೊಂದು ಬದಿ ನೋಡಿದೆ. ಅಲ್ಲೂ ಇರಲಿಲ್ಲ. ನಾನು ಕೊಟ್ಟಿದ್ದು ಮೊದಲ ಪ್ರೆಸಿಂಗ್‌ನ ಬೆಲೆ. ಕೈಯಲ್ಲಿದ್ದದ್ದು ಕಂಪನಿ ಬೇರೆಯವರ ಕೈಗೆ ಹೋದ ಮೇಲೆ ಬಂದ ಪ್ರತಿ.

ಆ ದಿನ ತುಂಬ ಬೇಜಾರಾಗಿತ್ತು. ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳಿದ ಒಂದು ಬರಹ ಸಿಕ್ಕಿದ್ದರೆ ಅವತ್ತು ಅಂಗಡಿಯಲ್ಲೇ ತಿಳಿಯುತ್ತಿತ್ತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಜಾಝ್ ಕಂಪನಿಗಳು ಹತ್ತಾರು ಇದ್ದವು. ಒಂದೊಂದರ ಗುರುತೂ ಬೇರೆ. ನಾನು ಹೆಚ್ಚಾಗಿ ಬ್ಲೂ ನೋಟ್ ಬಗ್ಗೆಯೇ ಹೇಳುತ್ತೇನೆ. ಅದನ್ನು ಒಮ್ಮೆ ಸರಿಯಾಗಿ ಕಲಿತರೆ ಉಳಿದವನ್ನು ನೋಡುವ ಕಣ್ಣು ತಾನಾಗಿ ಬರುತ್ತದೆ.

ಇನ್ನೊಂದು ಕಾರಣವೂ ಇದೆ. ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಈ ರೆಕಾರ್ಡ್‌ಗಳು ಹುಟ್ಟಿದ್ದು ಇಲ್ಲೇ ಆಸುಪಾಸಿನಲ್ಲಿ. ಸಂಗೀತ ರೆಕಾರ್ಡ್ ಆಗಿದ್ದು ಹ್ಯಾಕೆನ್‌ಸ್ಯಾಕ್‌ನಲ್ಲಿ, ಆಮೇಲೆ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ. ತಟ್ಟೆ ಒತ್ತಿದ್ದು ನಾರ್ತ್ ಪ್ಲೇನ್‌ಫೀಲ್ಡ್‌ನಲ್ಲಿ. ಅದು ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಕೆಲಸಕ್ಕೆ ಹೋಗಿಬರುವ ರಸ್ತೆಗಳಲ್ಲೇ ಇಂಥ ಸಂಗೀತ ತಯಾರಾಗಿತ್ತು ಎಂದು ಗೊತ್ತಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಮೊದಲು ಅಚ್ಚಿನ ಕತೆ

ಗುರುತುಗಳ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಿದರೆ ನನಗೆ ಆದ ಮೋಸವೇ ನಿಮಗೂ ಆಗುತ್ತದೆ. ತಟ್ಟೆ ಹೇಗೆ ತಯಾರಾಗುತ್ತದೆ ಎನ್ನುವುದು ಮೊದಲು ಗೊತ್ತಿರಬೇಕು.

ಸಂಗೀತ ಮೊದಲು ಟೇಪಿನಲ್ಲಿ ಇರುತ್ತದೆ. ಅದನ್ನು ಕೇಳಿಸುತ್ತಾ ಒಬ್ಬ ಎಂಜಿನಿಯರ್ ಲ್ಯಾಕರ್ ಎಂಬ ಮೆತ್ತನೆಯ ತಟ್ಟೆಯ ಮೇಲೆ ಗೀರು ಕೊರೆಯುತ್ತಾನೆ. ಆ ಲ್ಯಾಕರ್‌ಗೆ ಲೋಹದ ಲೇಪ ಕೊಟ್ಟು ಅಚ್ಚು ತೆಗೆಯುತ್ತಾರೆ. ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. ಕೊನೆಗೆ ಬರುವ ಲೋಹದ ಅಚ್ಚಿಗೆ ಸ್ಟ್ಯಾಂಪರ್ ಎನ್ನುತ್ತಾರೆ. ಎರಡು ಸ್ಟ್ಯಾಂಪರ್‌ಗಳ ನಡುವೆ ಬಿಸಿ ಪ್ಲಾಸ್ಟಿಕ್ ಮುದ್ದೆ ಇಟ್ಟು, ಮೇಲೊಂದು ಕೆಳಗೊಂದು ಲೇಬಲ್ ಕಾಗದ ಇಟ್ಟು, ಒಮ್ಮೆಲೇ ಒತ್ತುತ್ತಾರೆ. ಲೇಬಲ್‌ಗೆ ಅಂಟು ಹಾಕುವುದಿಲ್ಲ. ಬಿಸಿಗೂ ಒತ್ತಡಕ್ಕೂ ಅದು ತಟ್ಟೆಯ ಜತೆ ಒಂದಾಗಿಬಿಡುತ್ತದೆ.

ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದ್ದರೆ ಇದು ಬೇಗ ಅರ್ಥವಾಗುತ್ತದೆ. ಮರದ ಅಚ್ಚಿನಲ್ಲಿ ಆನೆಯ ಸೊಂಡಿಲು ಚೂರು ಮುಕ್ಕಾಗಿದ್ದರೆ, ಅದರಿಂದ ಬಂದ ಪ್ರತಿ ಆನೆಗೂ ಮುಕ್ಕು ಸೊಂಡಿಲೇ. ಆ ಅಚ್ಚನ್ನು ಪಕ್ಕದ ಮನೆಯವರು ತೆಗೆದುಕೊಂಡು ಹೋಗಿ ಸಕ್ಕರೆ ಹೊಯ್ದರೂ ಮುಕ್ಕು ಹಾಗೇ ಬರುತ್ತದೆ. ಅಂದರೆ ಮುಕ್ಕು ನೋಡಿ ಅಚ್ಚು ಯಾವುದು ಎಂದು ಹೇಳಬಹುದು. ಯಾರ ಮನೆಯಲ್ಲಿ ಹೊಯ್ದದ್ದು ಎಂದು ಹೇಳಲಾಗುವುದಿಲ್ಲ. ಅದಕ್ಕೆ ಬೇರೆಯೇ ಗುರುತು ಬೇಕು.

ರೆಕಾರ್ಡಿನಲ್ಲೂ ಹಾಗೇ. ಗೀರು ಕೊರೆದವರು ಯಾರು, ತಟ್ಟೆ ಒತ್ತಿದವರು ಯಾರು, ಕಾಗದ ಯಾವ ಕಾಲದ್ದು ಎಂಬುದು ಮೂರು ಬೇರೆ ಬೇರೆ ಪ್ರಶ್ನೆ. ಮೂರಕ್ಕೂ ಉತ್ತರ ಬೇರೆ ಬೇರೆ ಜಾಗದಲ್ಲಿದೆ.

ಹೆಜ್ಜೆ 1: ಲೇಬಲ್ ಆಮೇಲೆ, ಮೊದಲು ಡೆಡ್ ವ್ಯಾಕ್ಸ್

ಕೊನೆಯ ಗೀರಿಗೂ ಲೇಬಲ್‌ಗೂ ನಡುವೆ ನುಣುಪಾದ ಉಂಗುರದಂಥ ಜಾಗ ಇರುತ್ತದೆ ಅಲ್ವಾ, ಅದಕ್ಕೆ ಸಂಗ್ರಹಕಾರರು ಡೆಡ್ ವ್ಯಾಕ್ಸ್ ಎನ್ನುತ್ತಾರೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಅಲ್ಲಿ ಏನೂ ಕಾಣುವುದಿಲ್ಲ. ಫೋನಿನ ಟಾರ್ಚ್ ಹಾಕಿ. ಬೆಳಕು ಮೇಲಿನಿಂದ ನೇರವಾಗಿ ಬೀಳಬಾರದು, ಪಕ್ಕದಿಂದ ಓರೆಯಾಗಿ ಬೀಳಬೇಕು. ತಟ್ಟೆಯನ್ನು ಅಂಚು ಮತ್ತು ಲೇಬಲ್‌ನಲ್ಲಿ ಮಾತ್ರ ಹಿಡಿದು ಒಂದು ಸುತ್ತು ಪೂರ್ತಿ ತಿರುಗಿಸಿ. ನನ್ನ ಚೀಲದಲ್ಲಿ ಸಣ್ಣ ಭೂತಗನ್ನಡಿ ಯಾವಾಗಲೂ ಇರುತ್ತದೆ.

ಅಲ್ಲಿ ಮೊದಲು ಕಾಣುವುದು ಕ್ಯಾಟಲಾಗ್ ನಂಬರ್ ಮತ್ತು ಎ ಅಥವಾ ಬಿ ಅಕ್ಷರ. ಅದು ಲೇಬಲ್ ಮೇಲಿನ ನಂಬರಿಗೆ ಹೊಂದಬೇಕು.

ಆಮೇಲೆ ರೂಡಿ ವ್ಯಾನ್ ಗೆಲ್ಡರ್ ಗುರುತು. ಬ್ಲೂ ನೋಟ್ ಶಬ್ದ ಎಂದು ನಾವು ಇವತ್ತು ಕರೆಯುವುದು ಬಹುಪಾಲು ಇವರ ಕೈಕೆಲಸ. ಹಗಲು ಕಣ್ಣಿನ ಪರೀಕ್ಷೆ ಮಾಡುವ ಆಪ್ಟೊಮೆಟ್ರಿಸ್ಟ್, ಬಿಡುವಿನಲ್ಲಿ ಹ್ಯಾಕೆನ್‌ಸ್ಯಾಕ್‌ನ ಅಪ್ಪ-ಅಮ್ಮನ ಮನೆಯ ಹಾಲ್‌ನಲ್ಲಿ ರೆಕಾರ್ಡಿಂಗ್. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು. ರೆಕಾರ್ಡ್ ಮಾಡುವುದಷ್ಟೇ ಅಲ್ಲ, ಲ್ಯಾಕರ್ ಕೊರೆಯುವುದೂ ಅವರೇ. ಕೊರೆದ ಮೇಲೆ ತಮ್ಮ ಗುರುತು ಹಾಕುತ್ತಿದ್ದರು. ಮೊದಮೊದಲು ಕೈಯಲ್ಲಿ ಗೀಚಿದ ‘ಆರ್‌ವಿಜಿ’. ಆಮೇಲೆ ಅದೇ ಮೂರು ಅಕ್ಷರದ ಮುದ್ರೆ. ಸ್ಟೀರಿಯೋ ಆದರೆ ‘ಆರ್‌ವಿಜಿ ಸ್ಟೀರಿಯೋ’. ಸುಮಾರು 1962ರಿಂದ ಈಚೆಗೆ ‘ವ್ಯಾನ್ ಗೆಲ್ಡರ್’ ಎಂದು ಪೂರ್ತಿ ಹೆಸರು.

ನಾನು ಎಡವಿದ್ದು ಇಲ್ಲೇ. ಈ ಗುರುತು ಇರುವುದು ಲ್ಯಾಕರ್‌ನಲ್ಲಿ. ಅಂದರೆ ಅದು ಮರದ ಅಚ್ಚಿನ ಮುಕ್ಕು ಇದ್ದಂತೆ. 1965ರಲ್ಲಿ ಬ್ಲೂ ನೋಟನ್ನು ಲಿಬರ್ಟಿ ರೆಕಾರ್ಡ್ಸ್ ಕೊಂಡಿತು. ಅವರು ಎಷ್ಟೋ ಆಲ್ಬಂಗಳಿಗೆ ಅದೇ ಹಳೆಯ ಲೋಹದ ಅಚ್ಚುಗಳನ್ನು ಬಳಸಿದರು. ಆ ಪ್ರತಿಗಳಲ್ಲೂ ವ್ಯಾನ್ ಗೆಲ್ಡರ್ ಮುದ್ರೆ ಇದ್ದೇ ಇರುತ್ತದೆ. ಕೇಳಲು ಅವು ಚೆನ್ನಾಗಿಯೇ ಇರುತ್ತವೆ, ಯಾಕೆಂದರೆ ಕೊರೆದದ್ದು ವ್ಯಾನ್ ಗೆಲ್ಡರ್ ಅವರೇ. ಆದರೆ ಅವು ಮೊದಲ ಪ್ರೆಸಿಂಗ್ ಅಲ್ಲ.

ಹಾಗಾದರೆ ಒತ್ತಿದವರ ಗುರುತು ಯಾವುದು? ಅದೇ ಕಿವಿ.

1966ರವರೆಗೆ ಬ್ಲೂ ನೋಟ್ ತಟ್ಟೆಗಳನ್ನು ಒತ್ತುತ್ತಿದ್ದದ್ದು ನಾರ್ತ್ ಪ್ಲೇನ್‌ಫೀಲ್ಡ್‌ನ ಪ್ಲಾಸ್ಟಿಲೈಟ್ ಎಂಬ ಕಾರ್ಖಾನೆ. ತಮ್ಮ ಹೆಸರಿನ ಮೊದಲ ಅಕ್ಷರ ಇಂಗ್ಲಿಷ್ ಪಿ. ಅದನ್ನು ಕೂಡಕ್ಷರದಲ್ಲಿ ಒಂದೇ ಎಳೆತದಲ್ಲಿ ಗೀಚುತ್ತಿದ್ದರು. ಅದು ಡೆಡ್ ವ್ಯಾಕ್ಸ್‌ನಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ಓರೆಯಾಗಿ, ಕೆಲವೊಮ್ಮೆ ತಲೆಕೆಳಗಾಗಿ ಕಾಣುತ್ತದೆ. ನೋಡಿದರೆ ಪುಟ್ಟ ಕಿವಿಯ ಹಾಗೆ. ಸಂಗ್ರಹಕಾರರೆಲ್ಲ ಅದನ್ನು ಕಿವಿ ಎಂದೇ ಕರೆಯುತ್ತಾರೆ. ಕೆಲವು ತಟ್ಟೆಗಳಲ್ಲಿ ಅಚ್ಚುಕಟ್ಟಾಗಿ ಆಳವಾಗಿರುತ್ತದೆ. ಕೆಲವು ಕಡೆ ಕೂದಲೆಳೆಯಷ್ಟು ತೆಳು. ಅವಸರದಲ್ಲಿ ಇಲ್ಲ ಎಂದು ತೀರ್ಮಾನ ಮಾಡಬೇಡಿ. ಎರಡೂ ಬದಿ ನೋಡಿ, ಬೆಳಕಿನ ಕೋನ ಬದಲಿಸಿ ಇನ್ನೊಮ್ಮೆ ನೋಡಿ.

ಕಿವಿ ಇದ್ದರೆ ಆ ಬ್ಲೂ ನೋಟ್ ತಟ್ಟೆ 1966ರ ಆಚೆಯದಲ್ಲ. ಇಷ್ಟು ಖಚಿತವಾಗಿ ಹೇಳುವ ಇನ್ನೊಂದು ಗುರುತು ಬ್ಲೂ ನೋಟ್‌ನಲ್ಲಿ ಇಲ್ಲ. ಹಾಗಂತ ಕಿವಿ ಇದ್ದದ್ದೆಲ್ಲ ಮೊದಲ ಪ್ರೆಸಿಂಗ್ ಅಲ್ಲ. 1958ರಲ್ಲಿ ಬಂದ ಆಲ್ಬಂ ಖಾಲಿಯಾದಾಗ 1963ರಲ್ಲಿ ಅದೇ ಕಾರ್ಖಾನೆಯಲ್ಲಿ ಮತ್ತೆ ಒತ್ತಿರಬಹುದು. ಅದಕ್ಕೂ ಕಿವಿ ಇರುತ್ತದೆ. ಅದನ್ನು ಬೇರೆ ಮಾಡಿ ನೋಡಲು ಕಾಗದ ಬೇಕು. ಪ್ಲಾಸ್ಟಿಲೈಟ್‌ನವರು ಬೇರೆ ಕಂಪನಿಗಳಿಗೂ ಒತ್ತಿಕೊಡುತ್ತಿದ್ದರು, ಹಾಗಾಗಿ ಕಿವಿ ಬೇರೆ ಕಂಪನಿಯ ತಟ್ಟೆಯಲ್ಲಿ ಕಂಡರೂ ಆಶ್ಚರ್ಯವಿಲ್ಲ.

ಹೆಜ್ಜೆ 2: ಲೇಬಲ್ ಅಂಚಿನ ವಿಳಾಸ

ಬ್ಲೂ ನೋಟ್ ಶುರುವಾಗಿದ್ದು 1939ರಲ್ಲಿ. ಆಲ್ಫ್ರೆಡ್ ಲಯನ್ ಜರ್ಮನಿಯಿಂದ ಬಂದವರು. ಅವರ ಗೆಳೆಯ ಫ್ರಾನ್ಸಿಸ್ ವುಲ್ಫ್ ಅದೇ ವರ್ಷ ಬಂದು ಸೇರಿಕೊಂಡರು. ಚಿಕ್ಕ ಕಂಪನಿ. ಆಫೀಸು ಆಗಾಗ ಜಾಗ ಬದಲಿಸಿತು, ವಿಳಾಸ ಲೇಬಲ್ ಮೇಲೂ ಬದಲಾಯಿತು. ಇವತ್ತು ನಮಗೆ ಅದೇ ಕ್ಯಾಲೆಂಡರ್.

ಹನ್ನೆರಡು ಇಂಚಿನ ತಟ್ಟೆಗಳ 1500ರ ಸರಣಿ ಶುರುವಾದಾಗ ಲೇಬಲ್ ಮೇಲೆ ‘767 ಲೆಕ್ಸಿಂಗ್ಟನ್ ಅವೆನ್ಯೂ’ ಎಂದಿತ್ತು. 1957ರ ಹೊತ್ತಿಗೆ ‘47 ವೆಸ್ಟ್ 63’ ಆಯಿತು. ಇದರಲ್ಲಿ ಮೊದಲು ‘ನ್ಯೂಯಾರ್ಕ್ 23’ ಎಂದು ಮುದ್ರಿಸಿದರು, ಆಮೇಲೆ ‘ಎನ್‌ವೈಸಿ’ ಎಂದು. ಎರಡರ ಲೇಬಲ್‌ಗಳೂ ಗೋದಾಮಿನಲ್ಲಿ ಇದ್ದಾಗ ಒಂದು ಬದಿಗೆ ಒಂದು, ಇನ್ನೊಂದು ಬದಿಗೆ ಇನ್ನೊಂದು ಹಾಕಿದ ತಟ್ಟೆಗಳೂ ಇವೆ. ಸುಮಾರು 1959ರಲ್ಲಿ ಇನ್ನೆರಡು ಸಣ್ಣ ಬದಲಾವಣೆ ಆದವು. ಕಂಪನಿಯ ಹೆಸರಿನ ಮುಂದೆ ‘ಇಂಕ್’ (ಇನ್‌ಕಾರ್ಪೊರೇಟೆಡ್ ಎಂಬುದರ ಚಿಕ್ಕ ರೂಪ) ಸೇರಿತು. ‘ನೋಟ್’ ಎಂಬ ಪದದ ಕೊನೆಯ ಇಂಗ್ಲಿಷ್ ಇ ಅಕ್ಷರದ ಕೆಳಗೆ ವೃತ್ತದೊಳಗಿನ ಆರ್ ಬಂತು, ನೋಂದಾಯಿತ ಟ್ರೇಡ್‌ಮಾರ್ಕ್‌ಗೆ ಹಾಕುತ್ತಾರಲ್ಲ ಅದು. ಸುಮಾರು 1962ರಿಂದ ಬೀದಿಯ ವಿಳಾಸ ಹೋಗಿ ಬರೀ ‘ನ್ಯೂಯಾರ್ಕ್ ಯುಎಸ್‌ಎ’ ಉಳಿಯಿತು. ಲಿಬರ್ಟಿಗೆ ಹೋದ ಮೇಲೆ ‘ಲಿಬರ್ಟಿ ರೆಕಾರ್ಡ್ಸ್‌ನ ವಿಭಾಗ’ ಎಂಬ ಸಾಲು ಬಂತು. ಲೇಬಲ್ ಮೇಲೆ ಯುನೈಟೆಡ್ ಆರ್ಟಿಸ್ಟ್ಸ್ ಹೆಸರು ಇದ್ದರೆ ಅದು 70ರ ದಶಕ.

ಈ ಪಟ್ಟಿಯನ್ನು ಬಳಸುವ ಕ್ರಮ ಹೀಗೆ. ಮೊದಲು ಆ ಆಲ್ಬಂ ಮೊದಲ ಬಾರಿ ಮಾರುಕಟ್ಟೆಗೆ ಬಂದ ವರ್ಷ ಕಂಡುಹಿಡಿಯಿರಿ. ಆ ವರ್ಷ ಯಾವ ವಿಳಾಸ ಬಳಕೆಯಲ್ಲಿತ್ತು ನೋಡಿ. ತಟ್ಟೆಯ ಮೇಲೆ ಅದೇ ಇದ್ದರೆ ಮುಂದಕ್ಕೆ ಹೋಗಿ. ಅದಕ್ಕಿಂತ ಹೊಸ ವಿಳಾಸ ಇದ್ದರೆ ಅದು ಮರು ಪ್ರೆಸಿಂಗ್. ಲೆಕ್ಸಿಂಗ್ಟನ್ ಕಾಲದ ಆಲ್ಬಂಗೆ 63ನೇ ಬೀದಿಯ ಲೇಬಲ್ ಇದ್ದರೆ, ಎಷ್ಟೇ ಹಳೆಯದಾಗಿ ಕಂಡರೂ ಮೊದಲನೆಯದಲ್ಲ.

ಇಲ್ಲಿ ಒಂದು ವಿಷಯ ಮರೆಯಬೇಡಿ. ರೆಕಾರ್ಡ್ ಮಾಡಿದ ದಿನಾಂಕ ಬೇರೆ, ಬಿಡುಗಡೆಯಾದ ವರ್ಷ ಬೇರೆ. ಬ್ಲೂ ನೋಟ್‌ನವರು 60ರ ದಶಕದಲ್ಲಿ ರೆಕಾರ್ಡ್ ಮಾಡಿ ಬಿಡುಗಡೆ ಮಾಡದೇ ಇಟ್ಟಿದ್ದ ಎಷ್ಟೋ ಟೇಪುಗಳು 70ರ ದಶಕದ ಕೊನೆಯಲ್ಲಿ ಮೊದಲ ಬಾರಿ ಎಲ್‌ಪಿ ಆಗಿ ಬಂದವು. ಅವುಗಳ ಒರಿಜಿನಲ್ ಪ್ರೆಸಿಂಗ್‌ನಲ್ಲಿ ಕಿವಿ ಇರಲು ಸಾಧ್ಯವೇ ಇಲ್ಲ. ಹಾಗೇ 1966ರ ನಂತರ ಹೊಸದಾಗಿ ಬಂದ ಆಲ್ಬಂಗಳಿಗೆ ಲಿಬರ್ಟಿ ಲೇಬಲ್ಲೇ ಒರಿಜಿನಲ್. ‘ಲಿಬರ್ಟಿ ಅಂದರೆ ಮರುಮುದ್ರಣ’ ಎಂದು ಕಣ್ಣು ಮುಚ್ಚಿ ಪಕ್ಕಕ್ಕೆ ಇಡಬೇಡಿ.

ನನ್ನ ಪ್ರತಿಯ ಗುಟ್ಟು ಏನೆಂದರೆ, ಲಿಬರ್ಟಿಯವರು ಕಂಪನಿ ಕೊಂಡಾಗ ಹಳೆಯ ‘ನ್ಯೂಯಾರ್ಕ್ ಯುಎಸ್‌ಎ’ ಲೇಬಲ್‌ಗಳ ಕಟ್ಟುಗಳೂ ಹಳೆಯ ಕವರ್‌ಗಳೂ ಉಳಿದಿದ್ದವು. ಒಳ್ಳೆಯ ಕಾಗದವನ್ನು ಯಾರು ಎಸೆಯುತ್ತಾರೆ? ಬಳಸಿ ಮುಗಿಸಿದರು. ಹಾಗಾಗಿ ಹಳೆಯ ಲೇಬಲ್, ಹಳೆಯ ಕವರ್, ವ್ಯಾನ್ ಗೆಲ್ಡರ್ ಮುದ್ರೆ ಮೂರೂ ಇದ್ದು ಕಿವಿ ಇಲ್ಲದ ತಟ್ಟೆಗಳು ಬೇಕಾದಷ್ಟಿವೆ. ಮಾರುವವರೆಲ್ಲ ಮೋಸ ಮಾಡಲೆಂದೇ ಹೀಗೆ ಹೇಳುತ್ತಾರೆ ಎಂದು ನಾನು ಹೇಳುವುದಿಲ್ಲ. ಬಹಳ ಜನ ಲೇಬಲ್ ಒಂದನ್ನೇ ನೋಡುತ್ತಾರೆ, ಅಷ್ಟೇ.

ಹೆಜ್ಜೆ 3: ಬೆರಳಿಗೆ ಸಿಗುವ ಗುರುತು

ಲೇಬಲ್ ಮೇಲೆ ಬೆರಳಾಡಿಸಿ. ನಡುವಿನ ರಂಧ್ರಕ್ಕೂ ಲೇಬಲ್ ಅಂಚಿಗೂ ನಡುವೆ ಸುತ್ತಲೂ ಬಳೆಯ ಹಾಗೆ ತಗ್ಗಿದ ಗೀರು ಇದ್ದರೆ ಅದು ಡೀಪ್ ಗ್ರೂವ್. ಪ್ರೆಸ್ ಯಂತ್ರದ ಹಳೆಯ ಅಚ್ಚುಪಟ್ಟಿಯಿಂದ ಬಂದ ಗುರುತು ಅದು. ಕಾಗದದ ಜತೆ ಪ್ಲಾಸ್ಟಿಕ್ಕೂ ಒಳಗೆ ತಗ್ಗಿರುತ್ತದೆ.

1961ರ ಹೊತ್ತಿಗೆ ಪ್ಲಾಸ್ಟಿಲೈಟ್‌ನವರು ಈ ಬಿಡಿಭಾಗಗಳನ್ನು ಒಂದೊಂದಾಗಿ ಬದಲಿಸತೊಡಗಿದರು. ಅಲ್ಲಿಯವರೆಗಿನ ಮೊದಲ ಪ್ರೆಸಿಂಗ್‌ಗಳಲ್ಲಿ ಎರಡೂ ಬದಿ ಡೀಪ್ ಗ್ರೂವ್ ಇರಬೇಕು. ಅದರ ನಂತರ ಒಂದು ಬದಿಗೆ ಇದೆ, ಇನ್ನೊಂದು ಬದಿಗೆ ಇಲ್ಲ ಎಂಬ ತಟ್ಟೆಗಳು ಬರುತ್ತವೆ. ಎರಡೂ ಬದಿ ಇಲ್ಲದವೂ ಬರುತ್ತವೆ. 1963ರ ಆಲ್ಬಂನಲ್ಲಿ ಡೀಪ್ ಗ್ರೂವ್ ಇಲ್ಲ ಎಂದು ಬಿಟ್ಟು ಬಂದವರನ್ನು ನಾನು ಬಲ್ಲೆ. ಪಾಪ, ಒಳ್ಳೆಯ ಮೊದಲ ಪ್ರೆಸಿಂಗ್ ಕೈಬಿಟ್ಟರು. ಇನ್ನೊಂದು ಕಡೆ, ಈಚಿನ ಕೆಲವು ದುಬಾರಿ ಮರುಮುದ್ರಣಗಳಿಗೆ ಹಳೆಯ ಚೆಂದ ಬರಲಿ ಎಂದು ಡೀಪ್ ಗ್ರೂವ್ ಬೇಕಂತಲೇ ಹಾಕಿದ್ದಾರೆ.

ತಟ್ಟೆಯ ಹೊರ ಅಂಚನ್ನೂ ಮುಟ್ಟಿ. ಲೆಕ್ಸಿಂಗ್ಟನ್ ಕಾಲದವುಗಳ ಅಂಚು ಚಪ್ಪಟೆ. ಆಮೇಲಿನವುಗಳ ಅಂಚಿನಲ್ಲಿ ಸಣ್ಣ ಏರು ಸಿಗುತ್ತದೆ, ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಾಗ ಗೀರು ಸವೆಯದಿರಲಿ ಎಂದು ಮಾಡಿದ್ದು.

ತೂಕ ನೋಡಿ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಹಳೆಯವು ಭಾರ ಇರುತ್ತವೆ, ನಿಜ. ಇವತ್ತಿನ 180 ಗ್ರಾಂ ಮರುಮುದ್ರಣಗಳೂ ಭಾರವೇ.

ಹೆಜ್ಜೆ 4: ಕವರ್ ಕೊನೆಗೆ

ಕವರನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣ ಇದೆ. ಅದು ಬದಲಾಗುವುದು ಬಹಳ ಸುಲಭ. ಅರವತ್ತು ವರ್ಷದಲ್ಲಿ ನಾಲ್ಕು ಮನೆ ಸುತ್ತಿದ ತಟ್ಟೆ ಯಾವ ಕವರ್‌ಗೆ ಬೇಕಾದರೂ ಸೇರಿರಬಹುದು. ಆದರೂ ನೋಡಬೇಕು. ಹಿಂಬದಿಯ ಕೆಳಗೆ ಕಂಪನಿಯ ವಿಳಾಸ ಇರುತ್ತದೆ. 47 ವೆಸ್ಟ್ 63 ಇದ್ದದ್ದು ಆಮೇಲೆ 43 ವೆಸ್ಟ್ 61 ಆಯಿತು. ‘ನ್ಯೂಯಾರ್ಕ್ ಯುಎಸ್‌ಎ’ ಲೇಬಲ್ ಕಾಲದ ಕವರ್‌ಗಳಲ್ಲಿ ಸಾಮಾನ್ಯವಾಗಿ ಈ ಎರಡನೆಯದೇ ಇರುತ್ತದೆ. ಸ್ಟೀರಿಯೋ ಹೊಸದಾಗಿ ಬಂದಾಗ ಬೇರೆ ಕವರ್ ಮುದ್ರಿಸದೆ, ಮೋನೋ ಕವರ್ ಮೇಲೆ ಬಂಗಾರದ ಬಣ್ಣದ ‘ಸ್ಟೀರಿಯೋ’ ಚೀಟಿ ಅಂಟಿಸಿದ್ದರು. ಅಂಥದ್ದು ಕಂಡರೆ ಚೀಟಿಯನ್ನು ಕೀಳಬೇಡಿ. ಬಾರ್‌ಕೋಡ್ ಇದ್ದರೆ ಅಲ್ಲಿಗೆ ಮುಗಿಯಿತು, ಅದು 80ರ ದಶಕ ಅಥವಾ ಆಚೆಯದು.

ಒಳಗಿನ ಕಾಗದದ ಚೀಲದಲ್ಲಿ ಒಂದು ಸುಲಭದ ಲೆಕ್ಕ ಇದೆ. ಕೆಲವದರ ಮೇಲೆ ‘ಬ್ಲೂ ನೋಟ್‌ನ 27 ವರ್ಷ’ ಎಂದು ಮುದ್ರಿಸಿರುತ್ತಾರೆ. 1939ಕ್ಕೆ 27 ಕೂಡಿಸಿ. 1966. ಅಂದರೆ ಆ ಚೀಲ 1966ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. 1958ರ ಆಲ್ಬಂನೊಳಗೆ ಅದು ಸಿಕ್ಕಿದರೆ ಚೀಲ ಬದಲಾಗಿದೆ, ಇಲ್ಲವೇ ತಟ್ಟೆಯೇ ಆಮೇಲಿನದು. ಮತ್ತೆ ಕಿವಿ ನೋಡಿ.

ಒಂದು ತಟ್ಟೆ ಹಿಡಿದು ನೋಡೋಣ

ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ಆಲ್ಬಂ ತೆಗೆದುಕೊಳ್ಳಿ. ನಂಬರ್ 1577. ರೆಕಾರ್ಡ್ ಆಗಿದ್ದು 1957ರ ಸೆಪ್ಟೆಂಬರ್ 15ರಂದು, ಹ್ಯಾಕೆನ್‌ಸ್ಯಾಕ್‌ನಲ್ಲಿ. ಅಷ್ಟರಲ್ಲಿ ಕಂಪನಿ ಲೆಕ್ಸಿಂಗ್ಟನ್ ವಿಳಾಸ ಬಿಟ್ಟಾಗಿತ್ತು. ಹಾಗಾಗಿ ಲೆಕ್ಸಿಂಗ್ಟನ್ ಲೇಬಲ್ ಹುಡುಕುವುದು ಬೇಡ. ಮೊದಲ ಪ್ರೆಸಿಂಗ್ ಆದರೆ ಆರ್‌ವಿಜಿ ಇರಬೇಕು, ಕಿವಿ ಇರಬೇಕು, ಎರಡೂ ಬದಿ ಡೀಪ್ ಗ್ರೂವ್ ಇರಬೇಕು, ಲೇಬಲ್ ಮೇಲೆ 47 ವೆಸ್ಟ್ 63 ಇರಬೇಕು. ‘ಇಂಕ್’ ಇರಬಾರದು, ಇ ಕೆಳಗಿನ ಆರ್ ಕೂಡ ಇರಬಾರದು.

ಈಗ ನಿಮ್ಮ ಕೈಗೆ ಬಂದ ಪ್ರತಿಯಲ್ಲಿ 47 ವೆಸ್ಟ್ 63 ಇದೆ, ಕಿವಿ ಇದೆ, ಆದರೆ ‘ಇಂಕ್’ ಮತ್ತು ಆರ್ ಕೂಡ ಇವೆ ಎಂದುಕೊಳ್ಳಿ. ಅದು 1959ರಿಂದ 1962ರ ನಡುವಿನ ಮರು ಪ್ರೆಸಿಂಗ್. ಕಿವಿ ಇದ್ದು ಲೇಬಲ್ ‘ನ್ಯೂಯಾರ್ಕ್ ಯುಎಸ್‌ಎ’ ಆಗಿದ್ದರೆ 1962ರಿಂದ 1966ರ ನಡುವಿನದು. ಕಿವಿ ಇಲ್ಲ, ಆರ್‌ವಿಜಿ ಇದೆ ಎಂದರೆ ಲಿಬರ್ಟಿ ಕಾಲ ಅಥವಾ ಅದರ ಹತ್ತಿರ. ಕಿವಿಯೂ ಇಲ್ಲ, ಆರ್‌ವಿಜಿಯೂ ಇಲ್ಲ ಎಂದರೆ ಬೇರೆ ಯಾರೋ ಹೊಸದಾಗಿ ಕೊರೆದದ್ದು.

ಕೇಳುವುದಕ್ಕೆಂದು ಕೊಳ್ಳುವವರಿಗೆ ನನ್ನ ಸಲಹೆ ಕಿವಿ ಇರುವ ‘ನ್ಯೂಯಾರ್ಕ್ ಯುಎಸ್‌ಎ’ ಪ್ರತಿ. ಅದೇ ಕಾರ್ಖಾನೆ, ವ್ಯಾನ್ ಗೆಲ್ಡರ್ ಅವರ ಕೊರೆತ, ಬೆಲೆ ಮಾತ್ರ ಬಹಳ ಕಡಿಮೆ. ನನ್ನ ಮನೆಯಲ್ಲಿ ಇರುವ ಹೆಚ್ಚಿನವು ಅಂಥವೇ. ಅದರಿಂದ ಲೀ ಮಾರ್ಗನ್ ಅವರ ಟ್ರಂಪೆಟ್ ಕೇಳುವಾಗ ಏನೂ ಕೊರತೆ ಅನ್ನಿಸಿಲ್ಲ.

ಬೇರೆ ಕಂಪನಿಗಳಿಗೆ ಬಂದರೆ

ಪ್ರೆಸ್ಟೀಜ್‌ನದೂ ವಿಳಾಸದ ಕತೆಯೇ. ಹಳದಿ ಲೇಬಲ್ ಮೇಲೆ ಮೊದಲು ‘446 ವೆಸ್ಟ್ 50’, ಆಮೇಲೆ ನ್ಯೂಜೆರ್ಸಿಯ ಬರ್ಗನ್‌ಫೀಲ್ಡ್. 60ರ ದಶಕದ ನಡುವಿನಲ್ಲಿ ತ್ರಿಶೂಲದ ಗುರುತಿನ ನೀಲಿ ಲೇಬಲ್. ಇಲ್ಲೂ ಡೆಡ್ ವ್ಯಾಕ್ಸ್‌ನಲ್ಲಿ ಆರ್‌ವಿಜಿ ಸಿಗುತ್ತದೆ, ಯಾಕೆಂದರೆ ಅವರ ಎಂಜಿನಿಯರ್ ಕೂಡ ವ್ಯಾನ್ ಗೆಲ್ಡರ್.

ಇಂಪಲ್ಸ್‌ನ ಮೊದಲ ಆಲ್ಬಂಗಳು ಬಂದದ್ದು 1961ರಲ್ಲಿ. ಕಿತ್ತಳೆ-ಕಪ್ಪು ಲೇಬಲ್. ಕೆಳಗಿನ ಸಾಲಿನಲ್ಲಿ ಮೊದಲು ‘ಆಮ್-ಪಾರ್’, ನಂತರ ‘ಎಬಿಸಿ-ಪ್ಯಾರಮೌಂಟ್’, ಆಮೇಲೆ ಬರೀ ‘ಎಬಿಸಿ’. ಈ ಸಾಲನ್ನು ಬಿಡುಗಡೆಯ ವರ್ಷಕ್ಕೆ ಹೊಂದಿಸಿ ನೋಡಿದರೆ ಅರ್ಧ ಕೆಲಸ ಆಯಿತು.

ಅಮೆರಿಕದ ಕೊಲಂಬಿಯಾದಲ್ಲಿ 1955ರಿಂದ 1962ರ ಹೊತ್ತಿನ ತನಕ ಲೇಬಲ್ ಮೇಲೆ ಆರು ಕಣ್ಣಿನಂಥ ಚಿಹ್ನೆ ಇದ್ದವು. ಸಂಗ್ರಹಕಾರರು ಅದನ್ನು ಸಿಕ್ಸ್ ಐ ಎನ್ನುತ್ತಾರೆ. ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ 1959ರ ಆಗಸ್ಟ್‌ನಲ್ಲಿ ಬಂತು. ಅದರ ಮೊದಲ ಪ್ರೆಸಿಂಗ್ ಸಿಕ್ಸ್ ಐ ಆಗಿರಲೇಬೇಕು. ಇದರ ಮೊದಲ ಪ್ರತಿಗಳಲ್ಲಿ ಮುದ್ರಣದ ತಪ್ಪುಗಳೇ ಗುರುತು. ಈ ಆಲ್ಬಂನಲ್ಲಿ ನುಡಿಸಿದ ಕ್ಯಾನನ್‌ಬಾಲ್ ಆಡರ್ಲಿ ಅವರ ಹೆಸರಿನ ಸ್ಪೆಲ್ಲಿಂಗ್‌ನಲ್ಲಿ ಒಂದು ಇ ಬಿಟ್ಟುಹೋಗಿದೆ. ಎರಡನೇ ಬದಿಯ ಎರಡು ರಚನೆಗಳ ಹೆಸರು ಹಿಂದುಮುಂದಾಗಿದೆ.

ಒಂದು ಹೆಸರು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ‘ಒರಿಜಿನಲ್ ಜಾಝ್ ಕ್ಲಾಸಿಕ್ಸ್’ ಎಂಬ ಸರಣಿ. ಕವರ್ ಮೇಲೆ ಇಂಗ್ಲಿಷ್‌ನಲ್ಲಿ ಓಜೆಸಿ ಎಂಬ ಮೂರು ಅಕ್ಷರ ಮತ್ತು ನಂಬರ್ ಇರುತ್ತದೆ. ಹೆಸರಲ್ಲಿ ಒರಿಜಿನಲ್ ಇದ್ದರೂ ಅದು ಪ್ರೆಸ್ಟೀಜ್, ರಿವರ್‌ಸೈಡ್ ಮುಂತಾದ ಆಲ್ಬಂಗಳನ್ನು ಫ್ಯಾಂಟಸಿ ಕಂಪನಿ 80ರ ದಶಕದಿಂದ ಮತ್ತೆ ತಂದದ್ದು. ಒಳ್ಳೆಯ, ಕೈಗೆಟುಕುವ ರೆಕಾರ್ಡ್‌ಗಳು. ಒರಿಜಿನಲ್ ಬೆಲೆ ಕೊಡಬೇಡಿ, ಅಷ್ಟೇ.

ಬೆಂಗಳೂರಿನಲ್ಲಿ ಹುಡುಕುವವರಿಗೆ

ಊರಿಗೆ ಬಂದಾಗಲೆಲ್ಲ ಹಳೆಯ ರೆಕಾರ್ಡ್ ರಾಶಿ ಕಂಡರೆ ಕೂತುಬಿಡುತ್ತೇನೆ. ಅಲ್ಲಿ ಸಿಗುವ ಜಾಝ್‌ನಲ್ಲಿ ಭಾರತದಲ್ಲೇ ಒತ್ತಿದವು ಜಾಸ್ತಿ. ಲೇಬಲ್ ಅಂಚಿನಲ್ಲಿ ‘ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ’ ಅಥವಾ ‘ದಮ್‌ದಮ್’ ಎಂದಿದ್ದರೆ ಅದು ಕಲ್ಕತ್ತದ ಹತ್ತಿರದ ಕಾರ್ಖಾನೆಯಲ್ಲಿ ಒತ್ತಿದ ತಟ್ಟೆ. ಅದಕ್ಕೆ ಅದರದೇ ಬೆಲೆ ಇದೆ, ಅಮೆರಿಕದ ಮೊದಲ ಪ್ರೆಸಿಂಗ್‌ನ ಬೆಲೆ ಅಲ್ಲ.

ಕೊಲಂಬಿಯಾ ಎಂಬ ಹೆಸರೂ ಇಲ್ಲಿ ಗೊಂದಲ ಮಾಡುತ್ತದೆ. ಭಾರತದಲ್ಲೂ ಇಂಗ್ಲೆಂಡ್‌ನಲ್ಲೂ ಆ ಹೆಸರು ಇಎಂಐ ಕಂಪನಿಯ ಕೈಯಲ್ಲಿತ್ತು. ಮೈಲ್ಸ್ ಡೇವಿಸ್ ಅವರ ಕೊಲಂಬಿಯಾ ಬೇರೆ, ಅದು 60ರ ದಶಕದಿಂದ ಹೊರದೇಶಗಳಲ್ಲಿ ಸಿಬಿಎಸ್ ಎಂಬ ಹೆಸರಿನಲ್ಲಿ ಬಂತು. ಹಾಗಾಗಿ ಭಾರತದಲ್ಲಿ ಸಿಕ್ಕಿದ ಕೊಲಂಬಿಯಾ ಲೇಬಲ್‌ನಲ್ಲಿ ಆರು ಕಣ್ಣು ಹುಡುಕಿ ಪ್ರಯೋಜನವಿಲ್ಲ.

ನೋಡದೆ ಕೊಳ್ಳುವಾಗ

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಮಾರುವವರಿಂದ ನಾಲ್ಕು ಫೋಟೋ ಕೇಳಿ. ಎರಡೂ ಲೇಬಲ್ ಹತ್ತಿರದಿಂದ, ಎರಡೂ ಬದಿಯ ಡೆಡ್ ವ್ಯಾಕ್ಸ್ ಓರೆ ಬೆಳಕಿನಲ್ಲಿ. ‘ಕಿವಿ ಇದೆಯಾ’ ಎಂದು ಕೇಳುವುದಕ್ಕಿಂತ ‘ಕಿವಿಯ ಫೋಟೋ ಕಳಿಸಿ’ ಎನ್ನಿ. ಡಿಸ್ಕಾಗ್ಸ್‌ನಂಥ ತಾಣದಲ್ಲಿ ಒಂದೇ ಆಲ್ಬಂಗೆ ಹತ್ತಾರು ನಮೂದು ಇರುತ್ತವೆ. ಮಾರುವವರು ಅವಸರದಲ್ಲಿ ಮೊದಲ ಪ್ರೆಸಿಂಗ್‌ನ ನಮೂದಿನ ಕೆಳಗೆ ತಮ್ಮ ಪ್ರತಿಯನ್ನು ಸೇರಿಸಿರಬಹುದು. ಅಲ್ಲಿ ಕಾಣುವ ಚಿತ್ರ ನಿಮಗೆ ಬರುವ ತಟ್ಟೆಯದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ಗುರುತೆಲ್ಲ ಸರಿ ಇದ್ದರೂ ತಟ್ಟೆಯ ಸ್ಥಿತಿ ನೋಡದೆ ದುಡ್ಡು ಕೊಡಬೇಡಿ. ಆ ಕಾಲದ ಪ್ಲೇಯರ್‌ಗಳ ಮುಳ್ಳಿನ ತೂಕ ಬಹಳ ಜಾಸ್ತಿ ಇತ್ತು. ಹೊರಗೆ ಒಂದು ಗೀಚೂ ಇಲ್ಲದೆ ಮಿರಮಿರ ಮಿಂಚುವ ತಟ್ಟೆಯಲ್ಲೂ ಗೀರಿನ ಒಳಗೋಡೆ ಸವೆದುಹೋಗಿರುತ್ತದೆ. ಓರೆ ಬೆಳಕಿನಲ್ಲಿ ಗೀರುಗಳು ಕಪ್ಪಾಗಿ ಹೊಳೆಯುವ ಬದಲು ಬೂದು ಬಣ್ಣಕ್ಕೆ ತಿರುಗಿದ್ದರೆ ಸವೆದಿದೆ ಎಂದು ತಿಳಿಯಿರಿ. ಸಾಧ್ಯವಾದರೆ ಪ್ರತಿ ಬದಿಯ ಕೊನೆಯ ರಚನೆಯನ್ನು ಕೇಳಿ ನೋಡಿ. ಲೇಬಲ್ ಹತ್ತಿರ ಬಂದಷ್ಟೂ ಸವೆತ ಬೇಗ ಕೇಳಿಸುತ್ತದೆ. ಟ್ರಂಪೆಟ್ ಏರಿದಾಗ ಒಡಕು ಶಬ್ದ ಬಂದರೆ ಆ ತಟ್ಟೆ ಅಂಗಡಿಯಲ್ಲೇ ಇರಲಿ.